ನೇಕಾರನ ಹೆಂಡತಿಯ ಖಾನೆ

"ಗುರುಗಳೇ, ತಿಳಿದುಕೊಳ್ಳುವುದು ತಪ್ಪೇ?" ಎಂದು ಶಿಷ್ಯನೊಬ್ಬ ಕೇಳಿದ.

ಗುರುಗಳು ತಲೆಯೆತ್ತಿದರು.

"ಜೊತೆಯವನ ಚೀಲದಲ್ಲಿ ಒಂದು ಕಾಗದವಿತ್ತು, ಅವನ ಊರಿನಿಂದ ಬಂದದ್ದು. ತೆಗೆದು ಓದಿದೆ. ಮಡಿಚಿ ಇದ್ದಲ್ಲೇ ಇಟ್ಟೆ. ಯಾರಿಗೂ ಹೇಳಲಿಲ್ಲ. ಆದರೂ ಅವನಿಗೆ ಹೇಗೋ ತಿಳಿದುಹೋಯಿತು, ಎರಡು ದಿನದಿಂದ ನನ್ನೊಡನೆ ಮಾತು ಬಿಟ್ಟಿದ್ದಾನೆ. ನಾನು ಅವನದೇನನ್ನೂ ತೆಗೆದುಕೊಂಡಿಲ್ಲವಲ್ಲ?"

"ಕೂತುಕೋ" ಎಂದರು ಗುರುಗಳು. ಅವನು ಕೂತ ಮೇಲೆ ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ನೇಕಾರನಿದ್ದ. ಅವನ ಮನೆಯಲ್ಲಿ ಹನ್ನೊಂದು ಜನ. ತಾಯಿ, ಇಬ್ಬರು ತಮ್ಮಂದಿರು, ಅವರ ಹೆಂಡಿರು ಮಕ್ಕಳು ಎಲ್ಲರೂ ಒಂದೇ ಸೂರಿನಡಿ ಇದ್ದರು. ಜಗಳವಿಲ್ಲದ ಮನೆ. ನೇಕಾರನ ಹೆಂಡತಿ ಮದುವೆಯಾಗಿ ಬಂದು ಹದಿನೆಂಟು ವರ್ಷವಾಗಿತ್ತು. ಹಗಲೆಲ್ಲ ಗಂಡನ ಮಗ್ಗಕ್ಕೆ ನೂಲು ಸುತ್ತಿ ಕೊಡುತ್ತಿದ್ದಳು. ತನಗೆ ಇಂಥದ್ದು ಬೇಕೆಂದು ಒಂದು ದಿನವೂ ಬಾಯಿಬಿಟ್ಟವಳಲ್ಲ.

ಒಂದು ಮಧ್ಯಾಹ್ನ ಊಟದ ಎಲೆ ಎತ್ತುತ್ತಾ ಅವಳು, "ಮಂಚದ ಪಕ್ಕಕ್ಕೆ ಒಂದು ಸಣ್ಣ ಮೇಜು ಬೇಕಿತ್ತು. ಅದಕ್ಕೊಂದು ಖಾನೆ ಇರಲಿ. ಖಾನೆಗೆ ಬೀಗ ಇರಲಿ" ಎಂದಳು.

ಏತಕ್ಕೆಂದು ಅವಳು ಹೇಳಲಿಲ್ಲ. ಕೇಳಬೇಕೆಂದು ಅವನಿಗೂ ಆಗ ತೋಚಲಿಲ್ಲ. ಬಡಗಿಗೆ ಹೇಳಿದ್ದರೆ ಎರಡು ದಿನದ ಕೆಲಸ. ಆದರೆ ಅವಳು ಕೇಳಿದ ಮೊದಲ ವಸ್ತು ಅದು. ತನ್ನ ಕೈಯಿಂದಲೇ ಆಗಲಿ ಎಂದುಕೊಂಡ. ಬೀದಿಯ ಬಡಗಿಯಿಂದ ಗರಗಸ, ಉಳಿ, ಹಲಗೆ ನುಣುಪು ಮಾಡುವ ಹತ್ತರಿ ಇವನ್ನೆಲ್ಲ ಎರವಲು ತಂದ. ಹಿತ್ತಲಲ್ಲಿ ಒಣಗಿಸಿಟ್ಟಿದ್ದ ಹಲಸಿನ ಹಲಗೆಗಳನ್ನು ಇಳಿಸಿದ.

ನಾಲ್ಕು ಕಾಲು, ಅವುಗಳ ಸುತ್ತ ಚೌಕಟ್ಟು, ಇಷ್ಟಕ್ಕೆ ತೊಂದರೆಯಾಗಲಿಲ್ಲ. ಖಾನೆ ಮಾತ್ರ ಅವನನ್ನು ಸತಾಯಿಸಿತು. ಮೊದಲು ಒಳಗೇ ಹೋಗಲಿಲ್ಲ. ಹತ್ತರಿ ಹೊಡೆದ, ಹೋಯಿತು, ಆದರೆ ಅರ್ಧಕ್ಕೆ ಕಚ್ಚಿ ನಿಂತಿತು. ಮತ್ತೆ ಹೊಡೆದ, ಈಗ ಸಡಿಲವಾಗಿ ಲಟಲಟ ಎಂದಿತು. ಆ ಪಕ್ಕದ ಹಲಗೆಯನ್ನೇ ಕಿತ್ತು ಹೊಸದು ಹಾಕಿದ. ಅಂಚಿಗೆ ಮೇಣ ಸವರಿದ. ಕೊನೆಗೊಂದು ದಿನ ಒಂದೇ ಬೆರಳಿನಿಂದ ಎಳೆದರೆ ಖಾನೆ ಸದ್ದಿಲ್ಲದೆ ಹೊರಬಂತು. ಬೀಗ ಕೂರಿಸಿದ. ಮೇಲಿನ ಹಲಗೆಯನ್ನು ಒಳಗಿನಿಂದ ನಾಲ್ಕು ತಿರುಪು ಹಾಕಿ ಬಿಗಿದ.

ಹೆಂಡತಿ ಮೇಜನ್ನು ಸುತ್ತಿ ಬಂದು ನೋಡಿದಳು. ಖಾನೆಯನ್ನು ಎಳೆದಳು, ಮುಚ್ಚಿದಳು, ಇನ್ನೊಮ್ಮೆ ಎಳೆದಳು. ನಕ್ಕಳು. ಬೀಗ ಹಾಕಿ, ಬೀಗದ ಕೈಯನ್ನು ತಾಳಿಯ ಸರಕ್ಕೆ ಸಿಕ್ಕಿಸಿಕೊಂಡಳು.

ನೇಕಾರನ ಕಷ್ಟ ಶುರುವಾದದ್ದು ಆಗ.

ಅದರಲ್ಲಿ ಏನಿಟ್ಟಿರಬಹುದು? ಮಗ್ಗದ ಮುಂದೆ ಕೂತರೆ ಲಾಳಿಯ ಜೊತೆ ಈ ಪ್ರಶ್ನೆಯೂ ಆ ಕಡೆಯಿಂದ ಈ ಕಡೆಗೆ ಓಡಾಡುತ್ತಿತ್ತು. ತವರಿನಿಂದ ಬಂದ ಒಡವೆಯೇ? ಒಡವೆಯೆಲ್ಲ ತಾಯಿಯ ಪೆಟ್ಟಿಗೆಯಲ್ಲಿದೆ. ಕಾಗದಗಳೇ? ಅವಳಿಗೆ ಕಾಗದ ಬರೆಯುವವರು ಯಾರು? ಔಷಧಿಯಿರಬಹುದೇ? ತನಗೆ ಹೇಳದ ಕಾಯಿಲೆ ಏನಾದರೂ ಇದೆಯೇ? ಈ ಯೋಚನೆ ಬಂದ ದಿನ ಅವನಿಗೆ ಅನ್ನ ಸೇರಲಿಲ್ಲ.

"ಖಾನೆಯೊಳಗೆ ಅಡ್ಡ ಹಲಗೆ ಹಾಕಿಕೊಡಲೇ? ಸಾಮಾನು ಒಂದಕ್ಕೊಂದು ತಾಗದೆ ಇರುತ್ತದೆ" ಎಂದು ಕೇಳಿ ನೋಡಿದ.

"ಬೇಡ, ಇದ್ದ ಹಾಗೆ ಚೆನ್ನಾಗಿದೆ" ಎಂದಳು.

ಒಂದು ದಿನ ಅವಳು ಓರಗಿತ್ತಿಯ ಜೊತೆ ಬಾವಿಗೆ ಹೋಗಿದ್ದಳು. ನೇಕಾರ ಮೇಜಿನ ಮುಂದೆ ನಿಂತ. ಬೀಗದ ಕೈ ಅವಳ ಕೊರಳಲ್ಲಿತ್ತು. ಆದರೆ ಮೇಜು ಮಾಡಿದವನು ಅವನು. ಮಂಚದ ಪಕ್ಕ ನೆಲದ ಮೇಲೆ ಕೂತು, ಚೌಕಟ್ಟಿನ ಅಡಿಯಿಂದ ಕೈ ತೂರಿಸಿ, ನಾಲ್ಕೂ ತಿರುಪು ಬಿಚ್ಚಿ, ಮೇಲಿನ ಹಲಗೆಯನ್ನು ಮೆಲ್ಲಗೆ ಎತ್ತಿದ.

ಖಾನೆ ಖಾಲಿಯಿತ್ತು.

ಕೈ ಹಾಕಿ ತಡವಿದ. ಹಲಸಿನ ವಾಸನೆ ಬಂತೇ ಹೊರತು ಬೇರೇನೂ ಸಿಗಲಿಲ್ಲ. ಹಲಗೆ ಕೂರಿಸಿ, ತಿರುಪು ಬಿಗಿದು, ಮಗ್ಗಕ್ಕೆ ಬಂದು ಕೂತ. ನೆಮ್ಮದಿಯಾಗಬೇಕಿತ್ತು, ಆಗಲಿಲ್ಲ. ಏನೂ ಇಲ್ಲದ ಖಾನೆಗೆ ಬೀಗವೇಕೆ? ಬೀಗದ ಕೈಯನ್ನು ಕೊರಳಲ್ಲಿ ಕಟ್ಟಿಕೊಂಡು ಓಡಾಡುವುದೇಕೆ? ಇದ್ದದ್ದನ್ನು ತೆಗೆದು ಬೇರೆಲ್ಲೋ ಇಟ್ಟಳೇ? ನಾಲ್ಕು ದಿನ ಬಿಟ್ಟು ಮತ್ತೆ ಬಿಚ್ಚಿ ನೋಡಿದ. ಆಗಲೂ ಖಾಲಿ. ಮತ್ತೊಂದು ವಾರ ಬಿಟ್ಟು ನೋಡಿದ. ಖಾಲಿಯೇ. ಒಳಗೆ ಕೊಲೆಗಾರನ ಕತ್ತಿ ಸಿಕ್ಕಿದ್ದರೂ ಅವನಿಗೆ ಇಷ್ಟು ದಿಗಿಲಾಗುತ್ತಿರಲಿಲ್ಲ.

ಕೊನೆಗೆ ತಡೆಯಲಾಗಲಿಲ್ಲ. ಅವಳು ರಾಟೆಯ ಮುಂದೆ ಕೂತು ನೂಲು ಸುತ್ತುತ್ತಿದ್ದಾಗ ಕೇಳಿಯೇಬಿಟ್ಟ: "ಅಲ್ಲಾ, ಖಾಲಿ ಖಾನೆಗೆ ಬೀಗ ಏತಕ್ಕೆ?"

ರಾಟೆ ನಿಂತಿತು.

"ಖಾಲಿ ಎಂದು ನಿಮಗೆ ಹೇಗೆ ಗೊತ್ತು?" ಎಂದಳು.

ಅವನು ನೆಲ ನೋಡಿದ. ಅವಳು ಕೂಗಾಡಲಿಲ್ಲ. "ನನ್ನ ಪೆಟ್ಟಿಗೆಯಲ್ಲಿ ಮಕ್ಕಳ ಬಟ್ಟೆ ಇದೆ. ನನ್ನ ಸೀರೆ ಯಾರು ಬೇಕಾದರೂ ಉಡುತ್ತಾರೆ. ಅದಕ್ಕೆ ನನಗೆ ಬೇಸರವೂ ಇಲ್ಲ. ಯಾರೂ ನೋಡದ ಒಂದು ಜಾಗ ಇರಲಿ ಎನ್ನಿಸಿತು, ಅಷ್ಟೆ. ಅದರಲ್ಲಿ ಏನಿಡಬೇಕೆಂದು ಯೋಚಿಸುತ್ತಿದ್ದೆ. ಅವಸರವೇನೂ ಇರಲಿಲ್ಲ" ಎಂದಳು. ಎದ್ದು ಹೋಗಿ, ಸರದಿಂದ ಬೀಗದ ಕೈ ತೆಗೆದು ಮೇಜಿನ ಮೇಲಿಟ್ಟು, ಅಡುಗೆಮನೆಗೆ ನಡೆದಳು.

ಅಂದಿನಿಂದ ಖಾನೆಗೆ ಬೀಗವಿಲ್ಲ. ವಾರದೊಳಗೆ ಅದರಲ್ಲಿ ಬಾಚಣಿಗೆ ಬಂತು, ಹರಿದ ಪಂಚಾಂಗ ಬಂತು, ಮೈದುನನ ನಶ್ಯದ ಡಬ್ಬಿ, ಮಕ್ಕಳ ಗೋಲಿ, ಅತ್ತೆಯ ಶುಂಠಿ ಎಲ್ಲವೂ ಬಂದು ಸೇರಿದವು. ಅವಳು ಯಾರಿಗೂ ಬೇಡವೆನ್ನಲಿಲ್ಲ. ಗಂಡನ ಜೊತೆ ಮೊದಲಿನಂತೆಯೇ ಮಾತಾಡಿದಳು, ಮೊದಲಿನಂತೆಯೇ ಬಡಿಸಿದಳು. ಅವಳು ಬೈದಿದ್ದರೆ ಚೆನ್ನಾಗಿತ್ತು ಎಂದು ಅವನಿಗೆ ಅನಿಸುತ್ತಿತ್ತು.

"ಇನ್ನೊಂದು ಮಾಡಿಕೊಡುತ್ತೇನೆ" ಎಂದ.

"ನೀವು ಮಾಡಿದ್ದನ್ನು ಬಿಚ್ಚುವುದು ನಿಮಗೆ ಗೊತ್ತಿರುತ್ತದಲ್ಲ" ಎಂದಳು. ಕೊಂಕು ನುಡಿಯಾಗಿರಲಿಲ್ಲ, ಇದ್ದದ್ದನ್ನು ಹೇಳಿದ್ದಳು.

ನೇಕಾರ ಕೆಲವು ದಿನ ಇದನ್ನೇ ಯೋಚಿಸಿದ. ಮಾಡಿದವನಿಗೆ ತಿಳಿಯದ ಖಾನೆ ಎಲ್ಲಿಯಾದರೂ ಉಂಟೇ? ನೇಯುವಾಗ ಯೋಚಿಸಿದ, ಉಣ್ಣುವಾಗ ಯೋಚಿಸಿದ. ಆಮೇಲೆ ಒಂದು ಬೆಳಗ್ಗೆ ಬಡಗಿಯ ಸಾಮಾನುಗಳನ್ನು ಮತ್ತೆ ತಂದು, ಉಳಿದಿದ್ದ ಹಲಗೆಗಳ ಜೊತೆ ಹೆಂಡತಿಯ ಮುಂದಿಟ್ಟ.

"ನೀನೇ ಮಾಡು. ನಾನು ಜಗಲಿಯ ಮೇಲೆ ಬೀದಿಗೆ ಮುಖ ಮಾಡಿ ಕೂತಿರುತ್ತೇನೆ. ಕೇಳಿದರೆ ಹೇಳುತ್ತೇನೆ, ತಿರುಗಿ ನೋಡುವುದಿಲ್ಲ."

ಅವಳು ಗರಗಸವನ್ನು ತಲೆಕೆಳಗಾಗಿ ಹಿಡಿದು ನೋಡಿದಳು. "ನನಗೆಲ್ಲಿ ಬರುತ್ತದೆ?" ಎಂದಳು. ಆದರೂ ಕೋಣೆಗೆ ಒಯ್ದಳು.

ಅಂದಿನಿಂದ ದಿನಾ ಊಟದ ನಂತರ ಕೋಣೆಯಿಂದ ಗರಗಸದ ಸದ್ದು ಬರುತ್ತಿತ್ತು. ಮನೆಮಂದಿಗೆ ಮೊದಲು ನಗು, ಆಮೇಲೆ ಕುತೂಹಲ. ಬಾಗಿಲ ಬಳಿ ಬಂದವರನ್ನೆಲ್ಲ ನೇಕಾರ ಆಚೆ ಕಳಿಸುತ್ತಿದ್ದ.

"ಉಳಿಯ ಚಪ್ಪಟೆ ಮೈ ಯಾವ ಕಡೆಗಿರಬೇಕು?" ಎಂದು ಒಳಗಿನಿಂದ ಕೂಗುತ್ತಿದ್ದಳು.

"ಉಳಿಸಿಕೊಳ್ಳುವ ಮರದ ಕಡೆಗೆ" ಎಂದು ಅವನು ಬೀದಿಗೆ ಹೇಳುತ್ತಿದ್ದ. ಹಾದುಹೋಗುವವರು ಇವನಿಗೇನಾಯಿತೆಂದು ನಿಂತು ನೋಡುತ್ತಿದ್ದರು.

ಒಂದು ಮಧ್ಯಾಹ್ನ ಏನೋ ಸೀಳಿದ ಸದ್ದಾಯಿತು. ಆಮೇಲೆ ಸದ್ದೇ ಇಲ್ಲ. ಗರಗಸವಿಲ್ಲ, ಸುತ್ತಿಗೆಯಿಲ್ಲ, ಪ್ರಶ್ನೆಯೂ ಇಲ್ಲ. ಹಲಗೆ ಒಡೆಯಿತೇ? ಕೈಗೆ ಪೆಟ್ಟಾಯಿತೇ? ಅಳುತ್ತಿದ್ದಾಳೆಯೇ? ಅವನ ಕತ್ತು ತಾನಾಗಿ ತಿರುಗತೊಡಗಿತು. ಜಗಲಿಯ ಕಂಬವನ್ನು ಎರಡೂ ಕೈಯಿಂದ ಹಿಡಿದುಕೊಂಡು, "ಪೆಟ್ಟಾಯಿತೇನೇ?" ಎಂದು ಕೂಗಿದ.

ಬಹಳ ಹೊತ್ತಾದ ಮೇಲೆ ಒಳಗಿನಿಂದ, "ಇಲ್ಲ. ಯೋಚಿಸುತ್ತಿದ್ದೇನೆ" ಎಂಬ ಮಾತು ಬಂತು. ಅದರ ಹಿಂದೆಯೇ ಗರಗಸದ ಸದ್ದು ಶುರುವಾಯಿತು. ಇಷ್ಟು ವರ್ಷ ನೇಯ್ದು ಪಟ್ಟ ದಣಿವೆಲ್ಲ ಆ ಒಂದು ಗಳಿಗೆಯ ಮುಂದೆ ಏನೂ ಅಲ್ಲ ಎನಿಸಿತು ನೇಕಾರನಿಗೆ.

ಹತ್ತೊಂಬತ್ತನೆಯ ದಿನ ಮೇಜು ಮುಗಿಯಿತು. ಒಂದು ಕಾಲು ಗಿಡ್ಡ. ಕೆಳಗೆ ಬಟ್ಟೆ ಮಡಿಚಿ ಇಟ್ಟಿದ್ದಳು. ಖಾನೆ ಎಳೆದರೆ ಕಿರ್ರೆನ್ನುತ್ತಿತ್ತು. ಬೀಗ ಸೊಟ್ಟಗೆ ಕೂತಿತ್ತು. ಅವಳು ಅಂಗೈಯ ಬೊಬ್ಬೆಗಳನ್ನು ಗಂಡನಿಗೆ ತೋರಿಸಿ ನಕ್ಕಳು. ಮೇಲಿನ ಹಲಗೆಯನ್ನು ಹೇಗೆ ಕೂರಿಸಿದ್ದಾಳೆಂದು ಅವನು ಕೇಳಲಿಲ್ಲ.

ಆಮೇಲೆ ಆ ಖಾನೆಯಲ್ಲಿ ಏನಾದರೂ ಇತ್ತೇ, ಇಲ್ಲವೇ, ಅವನಿಗೆ ಗೊತ್ತಾಗಲಿಲ್ಲ. ಕುತೂಹಲವೇನೂ ಹೋಗಲಿಲ್ಲ. ಕೆಲವು ಬೆಳಗ್ಗೆ ಖಾನೆ ಕಿರ್ರೆಂದರೆ ಅವನ ಲಾಳಿ ಒಂದು ಕ್ಷಣ ನಿಲ್ಲುತ್ತಿತ್ತು, ಮತ್ತೆ ಓಡುತ್ತಿತ್ತು. ಒಂದು ದಿನ ಅವಳು ಮಗ್ಗದ ಪಕ್ಕ ಬಂದು ನಿಂತು, ಕೇಳದೆಯೇ, "ಈ ಹಸಿರು ಅಂಚು ನನಗೆ ಎಂದೂ ಹಿಡಿಸಿರಲಿಲ್ಲ" ಎಂದಳು. ಅವಳು ಬಂದ ವರ್ಷದಿಂದ ಅವನು ನೇಯುತ್ತಿದ್ದ ಅಂಚು ಅದು. ಅವನಿಗೆ ಅಚ್ಚರಿಯಾಯಿತು. "ಮತ್ತೆ ಯಾವ ಬಣ್ಣ ಹಿಡಿಸುತ್ತದೆ?" ಎಂದು ಕೇಳಿದ. ಅವಳು ಕೂತು ಹೇಳತೊಡಗಿದಳು. ಅಂದು ಸಂಜೆಯವರೆಗೂ ಮಗ್ಗ ನಡೆಯಲಿಲ್ಲ.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು.

ಶಿಷ್ಯನ ಮುಖದಲ್ಲಿ ಒಪ್ಪಿಗೆ ಕಾಣಲಿಲ್ಲ. "ಗುರುಗಳೇ, ಎಲ್ಲವೂ ಸರಿ. ಆದರೆ ಮೊದಲ ಖಾನೆಯಲ್ಲಿ ಏನೂ ಇರಲೇ ಇಲ್ಲ. ಗಂಡ ನೋಡಿದ್ದರಿಂದ ಅವಳು ಕಳೆದುಕೊಂಡದ್ದಾದರೂ ಏನು?" ಎಂದ.

ಗುರುಗಳು ಹೇಳಿದರು: "ಅವನು ನೋಡುವವರೆಗೆ, ಅದು ಖಾಲಿ ಎಂಬುದು ಅವಳೊಬ್ಬಳಿಗೇ ಗೊತ್ತಿತ್ತು."