ನಡುವೂರಿನ ಗೌಡ ಒಪ್ಪಿಸಿದ ಮಾತು

"ಗುರುಗಳೇ, ಇಬ್ಬರು ಬಲಶಾಲಿಗಳು ಕಾದಾಡುವಾಗ ನಡುವೆ ಇರುವವನು ಇಬ್ಬರಿಗೂ ಬೇಕಾದವನಾಗಿ ಉಳಿಯುವುದು ಹೇಗೆ?"

ಹೀಗೆ ಕೇಳಿದವನು ಬೊಮ್ಮರಸನೆಂಬ ಶಿಷ್ಯ. ಅವನು ಸುಮ್ಮನೆ ಕೇಳಿರಲಿಲ್ಲ. ಅವನ ನಾಡು ಎರಡು ದೊಡ್ಡ ರಾಜ್ಯಗಳ ನಡುವೆ ಇತ್ತು. ಅದು ತೀರಾ ಸಣ್ಣದಲ್ಲ, ಆದರೆ ಆ ಎರಡರಲ್ಲಿ ಒಂದನ್ನಾದರೂ ಎದುರಿಸಿ ನಿಲ್ಲುವಷ್ಟು ದೊಡ್ಡದೂ ಅಲ್ಲ. ಈಗ ಆ ರಾಜ್ಯಗಳ ನಡುವೆ ಯುದ್ಧ ಹತ್ತಿತ್ತು, ಅರಸನು ಬೊಮ್ಮರಸನನ್ನು ರಾಯಭಾರಿಯಾಗಿ ನೇಮಿಸಿದ್ದನು. ಹೊರಡುವ ಮುನ್ನ ಆಶೀರ್ವಾದ ಬೇಡಲು ಅವನು ಗುರುಗಳ ಬಳಿ ಬಂದಿದ್ದನು. ತನಗೆ ಹೊಳೆದ ಒಂದು ಉಪಾಯವನ್ನೂ ಹೇಳಿದನು. ಒಬ್ಬನ ಬಿರುಸು ಮಾತನ್ನು ಇನ್ನೊಬ್ಬನಿಗೆ ಮೆದುವಾಗಿ ಮುಟ್ಟಿಸಿದರೆ ಇಬ್ಬರ ಕೋಪವೂ ಇಳಿಯುತ್ತದೆ, ಇಬ್ಬರ ವಿಶ್ವಾಸವೂ ತನ್ನ ನಾಡಿನ ಮೇಲೆ ಉಳಿಯುತ್ತದೆ ಎಂದು ಅವನ ಎಣಿಕೆ.

ಗುರುಗಳು ಸರಿ ಎನ್ನಲಿಲ್ಲ, ತಪ್ಪು ಎನ್ನಲೂ ಇಲ್ಲ. ಕುಳಿತುಕೋ ಎಂದು ಹೇಳಿ ಈ ಕತೆಯನ್ನು ಹೇಳಿದರು.

ಒಂದು ಗುಡ್ಡದ ಇಳಿಜಾರಿನಲ್ಲಿ ಮೂರು ಊರುಗಳಿದ್ದವು. ಮೇಲಿನದು ಮೇಲೂರು, ಕೆಳಗಿನದು ಕೆಳಗೂರು, ನಡುವಿನದು ನಡುವೂರು. ಮೇಲೂರಿನವರಿಗೆ ಕಾಡಿತ್ತು, ಕೆಳಗೂರಿನವರಿಗೆ ಗದ್ದೆಯಿತ್ತು. ನಡುವೂರಿನ ಒಲೆಗೆ ಸೌದೆ ಮೇಲಿನಿಂದ ಬರಬೇಕು, ಮಡಕೆಗೆ ಅಕ್ಕಿ ಕೆಳಗಿನಿಂದ ಬರಬೇಕು. ಆದ್ದರಿಂದ ನಡುವೂರಿನವರು ಯಾರನ್ನೂ ಎದುರು ಹಾಕಿಕೊಳ್ಳುವಂತಿರಲಿಲ್ಲ.

ಆ ಸೀಮೆಯಲ್ಲಿ ಒಂದು ಕಟ್ಟಳೆ ಇತ್ತು. ಮೇಲೂರಿಗೂ ಕೆಳಗೂರಿಗೂ ಜಗಳ ಹತ್ತಿದರೆ, ಅದು ತೀರುವವರೆಗೆ ಎರಡು ಊರಿನವರು ನೇರವಾಗಿ ಮಾತಾಡುವಂತಿಲ್ಲ. ನೇರ ಮಾತಾಡಿದರೆ ಕೈ ಮುಂದಾಗುತ್ತದೆ ಎಂದು ಹಿರಿಯರು ಹೀಗೆ ಮಾಡಿದ್ದರು. ಒಬ್ಬರ ಮಾತನ್ನು ನಡುವೂರಿನ ಗೌಡ ಕೇಳಿಸಿಕೊಂಡು ಹೋಗಿ ಇನ್ನೊಬ್ಬರಿಗೆ ಒಪ್ಪಿಸಬೇಕು. ಕೇಳಿಸಿಕೊಂಡ ಕೂಡಲೇ ಅವನು ಒಂದು ಹುಣಸೆ ಬೀಜವನ್ನು ನಾಲಿಗೆಯ ಕೆಳಗೆ ಇಟ್ಟುಕೊಳ್ಳಬೇಕು. ದಾರಿಯಲ್ಲಿ ಯಾರು ಸಿಕ್ಕರೂ ಮಾತಾಡಬಾರದು. ಇನ್ನೊಂದು ಊರಿನ ಸಭೆಯಲ್ಲಿ ಆ ಬೀಜವನ್ನು ಉಗುಳಿ, ಕೇಳಿದ್ದನ್ನು ಕೇಳಿದ ಹಾಗೆಯೇ ಹೇಳಬೇಕು. ದಾರಿಯಲ್ಲಿ ಬೇರೆ ಮಾತು ಸೇರಿ ಹೇಳಿಕೆ ಕೆಡಬಾರದೆಂದು ಈ ಏರ್ಪಾಡು. ಬೀಜ ಬಾಯಿಯನ್ನು ಕಾಯುತ್ತಿತ್ತು. ಮನಸ್ಸನ್ನು ಕಾಯಲು ಏನನ್ನೂ ಇಟ್ಟಿರಲಿಲ್ಲ.

ಒಂದು ವರ್ಷ ಕೆಳಗೂರಿನ ನಲವತ್ತು ದನಗಳು ಗುಡ್ಡ ಹತ್ತಿ ಮೇಲೂರಿನ ರಾಗಿ ಹೊಲ ಮೇಯ್ದವು. ಮೇಲೂರಿನವರು ಅವನ್ನು ಹಿಡಿದು ತಮ್ಮ ದೊಡ್ಡ ಕೊಟ್ಟಿಗೆಯಲ್ಲಿ ಕಟ್ಟಿದರು. ಕೆಳಗೂರಿನ ಹಿರಿಯ ನಡುವೂರಿನ ಗೌಡನನ್ನು ಕರೆಸಿ ಹೇಳಿದನು:

"ಅಮಾವಾಸ್ಯೆಯೊಳಗೆ ನಮ್ಮ ದನ ಇಳಿದು ಬರಬೇಕು. ಬರದಿದ್ದರೆ ಮರುದಿನ ಬೆಳಗಾಗುವಾಗ ಮೇಲೂರಿನಲ್ಲಿ ಒಂದು ಸೂರೂ ಉಳಿಯುವುದಿಲ್ಲ."

ಗೌಡ ಬೀಜ ಇಟ್ಟುಕೊಂಡು ಗುಡ್ಡ ಹತ್ತಿದನು. ಹತ್ತುತ್ತಾ ಅವನಿಗೆ ದಿಗಿಲಾಯಿತು. ಈ ಮಾತನ್ನು ಹೀಗೆಯೇ ಹೇಳಿದರೆ ಮೇಲೂರಿನ ಹುಡುಗರು ಇವತ್ತೇ ಮಚ್ಚು ಹಿಡಿದು ಇಳಿಯುತ್ತಾರೆ. ಅಲ್ಲದೆ ಅವನ ಒಬ್ಬಳೇ ಮಗಳು ಕೆಂಚವ್ವನನ್ನು ಮೇಲೂರಿಗೇ ಕೊಟ್ಟಿತ್ತು. ಮೇಲೂರಿನ ಯಜಮಾನನೇ ಅವನ ಬೀಗ. ಕೆಟ್ಟ ಮಾತು ತಂದವನ ಮಗಳನ್ನು ಆ ಮನೆಯವರು ನಾಳೆ ಹೇಗೆ ನೋಡಿಯಾರು ಎಂದೂ ಅನ್ನಿಸಿತು. ಸಭೆ ತಲುಪುವ ಹೊತ್ತಿಗೆ ಮಾತು ಅವನ ಮನಸ್ಸಿನಲ್ಲೇ ಸವೆದು ನುಣುಪಾಗಿತ್ತು. ಅವನು ಬೀಜ ಉಗುಳಿ, ಕೆಳಗೂರಿನವರು ದನಗಳನ್ನು ಕೇಳುತ್ತಿದ್ದಾರೆ, ಅನುಕೂಲವಾದಾಗ ಕಳಿಸಿದರೆ ಉಪಕಾರವಾಗುತ್ತದೆ ಎನ್ನುತ್ತಾರೆ ಎಂದು ಹೇಳಿದನು.

ಮೇಲೂರಿನವರು ನಕ್ಕರು. ನಮ್ಮ ರಾಗಿ ಮೇಯ್ದ ದನ ಇನ್ನು ನಮ್ಮದೇ, ಅವರಲ್ಲಿ ಗಂಡಸರಿದ್ದರೆ ಬಂದು ಬಿಚ್ಚಿಕೊಂಡು ಹೋಗಲಿ ಎಂದು ಹೇಳಿ ಕಳಿಸಿದರು. ಗೌಡ ಇನ್ನೊಂದು ಬೀಜ ಇಟ್ಟುಕೊಂಡು ಗುಡ್ಡ ಇಳಿದನು. ಕೆಳಗೂರಿನ ಸಭೆಯಲ್ಲಿ, ದನಗಳು ಚೆನ್ನಾಗಿವೆ, ಅಮಾವಾಸ್ಯೆಯ ಹೊತ್ತಿಗೆ ಬರುತ್ತವೆ ಎಂದು ಹೇಳಿದನು. ಕೆಳಗೂರಿನವರು ಸಮಾಧಾನಪಟ್ಟರು. ಅವನಿಗೆ ಹೊಸ ರುಮಾಲು ಸುತ್ತಿ ಕಳಿಸಿದರು. ಮೇಲೂರಿನಿಂದ ಜೇನು ಬಂದಿತು. ನಡುವೂರಿನಲ್ಲಿ ಸೌದೆಯೂ ನಿಲ್ಲಲಿಲ್ಲ, ಅಕ್ಕಿಯೂ ನಿಲ್ಲಲಿಲ್ಲ. ಎರಡು ಬೆಂಕಿಗಳ ನಡುವೆ ನಮ್ಮ ಗೌಡರು ನಮ್ಮನ್ನು ತಂಪಾಗಿ ಇಟ್ಟಿದ್ದಾರೆ ಎಂದು ಊರು ಹೊಗಳಿತು. ತಾನು ಮಾಡಿದ್ದು ಸುಳ್ಳಲ್ಲ, ಉಪಕಾರ ಎಂದು ಗೌಡನಿಗೂ ಅನ್ನಿಸತೊಡಗಿತು. ಹಾಗೆ ಅನ್ನಿಸಿದ್ದರಿಂದಲೇ ಮುಂದಿನ ಸಲ ಮಾತು ಬದಲಿಸುವುದು ಸುಲಭವಾಯಿತು.

ಅಮಾವಾಸ್ಯೆಗೆ ಎರಡು ದಿನ ಉಳಿದಿತ್ತು. ದನ ಇನ್ನೂ ಬರಲಿಲ್ಲವೆಂದು ಕೆಳಗೂರಿನವರು ಮೊದಲಿನ ಮಾತನ್ನೇ ಮತ್ತೆ ಕಳಿಸಿದರು. ಗೌಡ ಅದನ್ನು ಮತ್ತೆ ಮೆದು ಮಾಡಿ ಒಪ್ಪಿಸಿದನು. ಸಭೆ ಮುಗಿದ ಮೇಲೆ ಬೀಗ ಅವನನ್ನು ಮನೆಗೆ ಕರೆದೊಯ್ದು ಜಗಲಿಯ ಮೇಲೆ ಕೂರಿಸಿದನು. ಕೆಂಚವ್ವ ಮಜ್ಜಿಗೆ ತಂದುಕೊಟ್ಟು ಬಾಗಿಲ ಬಳಿ ನಿಂತಳು.

"ಬೀಗರೇ, ನಿಮ್ಮ ಬಾಯಲ್ಲಿ ಕೆಳಗೂರಿನವರು ಬಹಳ ಒಳ್ಳೆಯವರು. ನಾನು ಕಂಡ ಕೆಳಗೂರಿನವರು ಅಂಥವರಲ್ಲ" ಎಂದು ಬೀಗ ನಕ್ಕನು. ಆಮೇಲೆ ನಗು ನಿಲ್ಲಿಸಿ, ದನಿ ತಗ್ಗಿಸಿ ಹೇಳಿದನು: "ನಾಲ್ಕು ಜನರ ಎದುರು ನಾನು ಜಂಬ ಕೊಚ್ಚಿದ್ದು ನಿಜ. ಆದರೆ ನಲವತ್ತು ದನಕ್ಕಾಗಿ ಊರು ಕಳೆದುಕೊಳ್ಳುವ ಆಸೆ ನನಗಿಲ್ಲ. ಅವರು ನಿಜಕ್ಕೂ ಕೆರಳಿದ್ದರೆ ಈಗಲೇ ಹೇಳಿಬಿಡಿ. ನಾಳೆಯೇ ದನ ಇಳಿಸುತ್ತೇನೆ."

ಒಂದು ಮಾತು ಹೇಳಿದ್ದರೆ ಸಾಕಾಗಿತ್ತು. ಗೌಡನಿಗೆ ಅದು ಗೊತ್ತಿತ್ತು. ಆದರೆ ಆ ಮಾತು ಹೇಳಿದರೆ, ಹಾಗಾದರೆ ಇಷ್ಟು ದಿನ ಹೇಳಿದ್ದೇನು ಎಂದು ಬೀಗ ಕೇಳುತ್ತಾನೆ. ಇವತ್ತು ಮೇಲೂರಿಗೆ ತಿಳಿದದ್ದು ನಾಳೆ ಕೆಳಗೂರಿಗೆ ತಿಳಿಯುತ್ತದೆ. ಮಾತು ಕೆಡಿಸಿದ ಗೌಡನ ಊರಿಗೆ ಸೌದೆ ಕೊಡುವವರಾರು, ಅಕ್ಕಿ ಕೊಡುವವರಾರು? ಕೆಳಗೂರಿನವರು ಇಷ್ಟು ದಿನ ಕಾದವರು ಇನ್ನೂ ನಾಲ್ಕು ದಿನ ಕಾಯಬಹುದು ಎಂದು ಅವನು ತನಗೆ ತಾನೇ ಹೇಳಿಕೊಂಡನು.

"ಅಷ್ಟೇನೂ ಇಲ್ಲ ಬೀಗರೇ. ನಾನಿದ್ದೇನಲ್ಲ" ಎಂದನು.

ಬೀಗನ ಮುಖ ಹಗುರಾಯಿತು. ಗೌಡ ಎದ್ದನು. ಮಗಳನ್ನು ನಾಲ್ಕು ದಿನ ತವರಿಗೆ ಕಳಿಸಿಕೊಡಿ ಎಂದು ಕೇಳಬೇಕೆನ್ನಿಸಿತು. ಮಾತು ತುಟಿಯವರೆಗೆ ಬಂದಿತು. ಆದರೆ ಅಮಾವಾಸ್ಯೆ ಎದುರಿಗಿರುವಾಗ ಮಗಳನ್ನು ಕರೆದುಕೊಂಡು ಹೋದರೆ ಬೀಗನಿಗೆ ಎಲ್ಲವೂ ಅರ್ಥವಾಗುತ್ತದೆ. ಆದ್ದರಿಂದ ಅವನು ಅದನ್ನೂ ಕೇಳಲಿಲ್ಲ. ಹೋಗಿ ಬರುತ್ತೇನವ್ವಾ ಎಂದು ಹೇಳಿ ಇಳಿದು ಬಂದನು.

ಅಮಾವಾಸ್ಯೆ ಕಳೆದ ಮರುದಿನ ಬೆಳಗಾಗುವಾಗ ಕೆಳಗೂರಿನವರು ಬಂದರು. ಮೇಲೂರಿನವರು ಕಾವಲು ಇಟ್ಟಿರಲಿಲ್ಲ. ಕಾವಲು ಇಡಲು ಅವರಿಗೆ ಕಾರಣವಿರಲಿಲ್ಲ. ಊರು ಹೊತ್ತಿಕೊಂಡಾಗ ಕೆಂಚವ್ವ ಹೊರಗೆ ಓಡಿ ಬಂದಿದ್ದಳು. ಬೆಂಕಿ ದೊಡ್ಡ ಕೊಟ್ಟಿಗೆಗೂ ಹಬ್ಬಿತ್ತು. ಕಟ್ಟಿದ ದನಗಳ ಕೂಗು ಕೇಳಿ ಹಗ್ಗ ಬಿಚ್ಚಲೆಂದು ಕೊಟ್ಟಿಗೆಯೊಳಗೆ ಹೋದಳು. ಹನ್ನೊಂದು ದನಗಳು ಹೊರಗೆ ಬಂದವು. ಅವಳು ಬರಲಿಲ್ಲ.

ಆಮೇಲೆ ಮೇಲೂರಿನವರು ಇಳಿದು ಹೋಗಿ ಕೆಳಗೂರಿನ ಪೈರಿಗೆ ಬೆಂಕಿಯಿಟ್ಟರು. ಹೀಗೆಯೇ ಆರು ತಿಂಗಳು ನಡೆಯಿತು. ಎರಡೂ ಊರುಗಳಲ್ಲಿ ಹೆಣ ಹೊರಲು ಗಂಡಸರು ಸಾಲದಾದಾಗ, ಜಗಳ ಮುಗಿಸೋಣವೆಂದು ಉಳಿದವರು ನಡುವೂರಿನಲ್ಲಿ ಕೂಡಿದರು. ಜಗಳ ಮುಗಿಯಬೇಕಾದರೆ ಮೊದಲ ತಪ್ಪು ಯಾರದು ಎಂದು ಎದುರೆದುರು ಕುಳಿತು ತೀರ್ಮಾನಿಸಬೇಕು. ಅದೂ ಕಟ್ಟಳೆಯೇ. ಅದೊಂದು ದಿನ ಮಾತ್ರ ನೇರವಾಗಿ ಮಾತಾಡಬಹುದಿತ್ತು.

ಸುಡುತ್ತೇವೆ ಎಂದು ಒಂದು ಮಾತು ಹೇಳದೆ ಸುಟ್ಟಿರಿ ಎಂದು ಮೇಲೂರಿನವರು ಹೇಳಿದರು. ದನ ಕಳಿಸುತ್ತೇವೆ ಎಂದು ಮಾತು ಕೊಟ್ಟು ತಪ್ಪಿದಿರಿ ಎಂದು ಕೆಳಗೂರಿನವರು ಹೇಳಿದರು. ಎರಡೂ ಕಡೆಯವರು ಗೌಡನತ್ತ ತಿರುಗಿದರು.

ಆ ದಿನ ನಿಜ ಹೇಳಿಬಿಡಬೇಕೆಂದು ಗೌಡ ಬಂದಿದ್ದನು. ಮಗಳು ಹೋದ ಮೇಲೆ ಅವನಿಗೆ ಕಾಪಾಡಿಕೊಳ್ಳಲು ಏನೂ ಉಳಿದಿರಲಿಲ್ಲ. ಅವನು ಬಾಯಿ ತೆರೆದನು. ಅಷ್ಟರಲ್ಲಿ ಬೀಗ ಅವನ ಹೆಗಲ ಮೇಲೆ ಕೈಯಿಟ್ಟು, ಇವರನ್ನು ಏನೂ ಕೇಳಬೇಡಿ, ಮಗಳನ್ನು ಸುಟ್ಟವರ ಎದುರು ಕುಳಿತಿದ್ದಾರೆ ಎಂದನು. ಕೆಳಗೂರಿನ ಹಿರಿಯನೂ ಗೌಡನಿಗೆ ಕೈ ಮುಗಿದು, ಮೇಲೂರಿನವರ ಕಡೆ ನೋಡಿ ಹೇಳಿದನು:

"ಮಗಳು ನಿಮ್ಮ ಊರಿನಲ್ಲಿರುವಾಗ ಯಾವ ತಂದೆ ಅಂಥ ಮಾತನ್ನು ನುಂಗಿಕೊಳ್ಳುತ್ತಾನೆ? ಗೌಡರು ಹೇಳಿಯೇ ಇರುತ್ತಾರೆ. ಸುಳ್ಳು ಹೇಳುತ್ತಿರುವವರು ನೀವು."

ಗೌಡ ತೆರೆದ ಬಾಯಿಯನ್ನು ಮುಚ್ಚಿದನು. ಸಭೆ ಮುರಿಯಿತು. ಎರಡು ಊರಿನವರು ಎರಡು ದಾರಿ ಹಿಡಿದು ಹೋದರು. ಮೂರನೆಯ ದಿನ ಬೆಳಿಗ್ಗೆ ಹೊಸ ಮಾತು ಒಪ್ಪಿಸಲು ಗೌಡನಿಗೆ ಕರೆ ಬಂದಿತು.

ಗುರುಗಳು ಇಷ್ಟಕ್ಕೆ ನಿಲ್ಲಿಸಿದರು. ಬೊಮ್ಮರಸನು, ಆಮೇಲಾದರೂ ಯಾರಿಗಾದರೂ ನಿಜ ತಿಳಿಯಿತೇ ಎಂದು ಕೇಳಿದನು.

"ಇಲ್ಲಪ್ಪಾ, ಎರಡೂ ಊರಿನವರು ಇಂದಿಗೂ ಅವನೊಬ್ಬನನ್ನೇ ನಂಬುತ್ತಾರೆ" ಎಂದರು ಗುರುಗಳು.