ಅಧ್ಯಕ್ಷರ ಅವಗಾಹನೆ ಕೊನೆಗೆ

ನಿಗಮದ ವೆಬ್‌ಸೈಟು ನಡೆಸುವ ಸರ್ವರ್ ಲೈಬ್ರರಿ ಎಂಬ ತಂತ್ರಾಂಶ ಬರೆದವಳು ನಾಗವೇಣಿ. ಮೂರನೇ ಮಹಡಿಯ ಮೂಲೆ ಕೋಣೆಯಲ್ಲಿ ಒಬ್ಬಳೇ ಕೂರುತ್ತಿದ್ದಳು. ಪುಟ ತೆರೆಯದಿದ್ದರೆ ಮಾತ್ರ ಜನಕ್ಕೆ ಅವಳ ನೆನಪು.

ಒಂದು ದಿನ ನಿಗಮದ ಅಧ್ಯಕ್ಷ ಚನ್ನವೀರಯ್ಯನವರೇ ಮೆಟ್ಟಿಲು ಹತ್ತಿ ಬಂದರು. "ಸೈಟು ಆಮೆ ಥರ ತೆವಳ್ತಿದೆ. ನಾಳೆಯೊಳಗೆ ಓಡಬೇಕು. ಇಲ್ಲಾಂದ್ರೆ ನಿಮ್ಮ ಜಾಗಕ್ಕೆ ಬೇರೆಯವರನ್ನ ನೋಡ್ತೀನಿ."

ತೆವಳುವುದಕ್ಕೆ ಕಾರಣ ಅವರದೇ ಆದೇಶ. ಯಾರು ಯಾವ ಪುಟ ಕೇಳಿದರೂ ತಂತ್ರಾಂಶ ಮೊದಲು ಅದನ್ನು ಅಧ್ಯಕ್ಷರ ಅವಗಾಹನೆಗೆಂದು ಕಡತದಲ್ಲಿ ಬರೆಯಬೇಕು, ಆಮೇಲೆ ಪುಟ ತೋರಿಸಬೇಕು. ಆ ಕಡತವನ್ನು ಅವರು ಒಮ್ಮೆಯೂ ತೆರೆದು ನೋಡಿದವರಲ್ಲ. ಅದನ್ನು ಅವರಿಗೆ ಹೇಳುವವರು ಯಾರು?

ಮರುದಿನ ಸೈಟು ಓಡುತ್ತಿತ್ತು. ನಾಗವೇಣಿ ಲೈಬ್ರರಿಗೆ ಒಂದೇ ಒಂದು ಹೊಸ ಆಯ್ಕೆ ಸೇರಿಸಿದ್ದಳು: ಅವಗಾಹನೆ ಮೊದಲೋ, ಕೊನೆಗೋ. ತಾನೇ 'ಕೊನೆಗೆ' ಎಂದು ಇಟ್ಟು, ಮತ್ತೆ ಮೆಟ್ಟಿಲು ಹತ್ತಿ ಬಂದ ಅಧ್ಯಕ್ಷರ ಮುಂದೆ ಒಪ್ಪಿಗೆಯ ಹಾಳೆಯನ್ನು ಹಿಡಿದಳು.

ಅವರ ಮುಖ ಕೆಂಪಾಯಿತು. "ನನ್ನನ್ನ ಕೊನೆಗೆ ಹಾಕು ಅಂತ ಯಾರು ಹೇಳಿದ್ದು?"

"ಯಾವ ಸಭೆಯಲ್ಲಾದ್ರೂ ಅಧ್ಯಕ್ಷರ ಭಾಷಣ ಕೊನೆಗೇ ಅಲ್ವಾ ಸಾರ್? ಮೊದಲು ಬರೋದು ಸ್ವಾಗತ ಮಾಡೋರು."

ಅವರು ಪೆನ್ನು ತೆಗೆದರು. ಹಾಳೆಗೆ ತಾಗಿಸುವ ಮೊದಲು ಕೈ ತಡೆಯಿತು, ದನಿ ತಗ್ಗಿತು. "ನನ್ನ ಸರದಿ ಬರೋ ಹೊತ್ತಿಗೆ ಕುರ್ಚಿಯೆಲ್ಲ ಖಾಲಿ ಆಗಿರುತ್ತಮ್ಮ."

"ನಾನು ಇರ್ತೀನಿ ಸಾರ್. ದಿನಾ ಬೀಗ ಹಾಕೋದು ನಾನೇ."

ಚನ್ನವೀರಯ್ಯನವರು ಕೂರಲು ಸುತ್ತ ನೋಡಿದರು. ಆ ಕೋಣೆಯಲ್ಲಿ ಎರಡನೇ ಕುರ್ಚಿಯೇ ಇರಲಿಲ್ಲ. ನಿಂತೇ ಸಹಿ ಹಾಕಿದರು.