ಇಳಿದು ನೋಡಿದ ಚಾಲಕ

ಶಿಷ್ಯ ಮರುಳಯ್ಯ ಕೇಳಿದ: “ಗುರುಗಳೇ, ನಾಳೆ ಹಿರಿಯರು ನನ್ನನ್ನು ಕೂರಿಸಿಕೊಂಡು ಪ್ರಶ್ನೆ ಕೇಳುತ್ತಾರೆ. ಪಾಠಶಾಲೆಯ ಮಕ್ಕಳನ್ನು ನನ್ನ ಕೈಗೆ ಒಪ್ಪಿಸಬಹುದೋ ಬೇಡವೋ ಎಂದು ನಿರ್ಧರಿಸುತ್ತಾರೆ. ನಾಲ್ಕು ದಿನದಿಂದ ನನಗೆ ಅನ್ನ ಸೇರುತ್ತಿಲ್ಲ. ಈ ಭಯವನ್ನು ಕಳೆದುಕೊಳ್ಳುವುದು ಹೇಗೆ?”

ಗುರುಗಳು ಅವನಿಗೆ ಕುಳಿತುಕೊಳ್ಳಲು ಹೇಳಿದರು. ಆಮೇಲೆ ಹೇಳತೊಡಗಿದರು.

ಒಂದು ಊರಿನಲ್ಲಿ ದ್ಯಾಮಣ್ಣ ಎಂಬ ಲಾರಿ ಚಾಲಕನಿದ್ದ. ಇಪ್ಪತ್ತೆರಡು ವರ್ಷ ದೂರದ ಊರುಗಳಿಗೆ ಸರಕು ಒಯ್ದವನು. ಹೋದರೆ ಎಂಟು ದಿನ, ಕೆಲವೊಮ್ಮೆ ಹದಿನೈದು ದಿನ. ಒಂದು ಸಲ ಹಿಂತಿರುಗಿ ಬಂದಾಗ ಹೆಂಡತಿ ರೇಣವ್ವನಿಗೆ ಲಕ್ವ ಹೊಡೆದಿತ್ತು. ಬಲಗೈ ಬಲಗಾಲು ಬಿದ್ದುಹೋಗಿದ್ದವು. ಸುದ್ದಿ ಅವನಿಗೆ ಮುಟ್ಟುವ ಮೊದಲೇ ನೆರೆಯವರು ಅವಳನ್ನು ಆಸ್ಪತ್ರೆಗೆ ಸೇರಿಸಿ ಮನೆಗೂ ಕರೆತಂದಿದ್ದರು. ದ್ಯಾಮಣ್ಣ ಅಂದೇ ದೂರದ ಗಾಡಿ ಬಿಟ್ಟ.

ಈಗ ಅವನಿಗೆ ಬೆಳಿಗ್ಗೆ ಹೋಗಿ ಸಂಜೆ ಮನೆ ಸೇರುವ ಕೆಲಸ ಬೇಕಾಗಿತ್ತು. ಗೋದಾಮಿನಿಂದ ಊರೊಳಗಿನ ಅಂಗಡಿಗಳಿಗೆ ಸರಕು ಮುಟ್ಟಿಸುವ ಸಣ್ಣ ಲಾರಿಗಳಿರುತ್ತವಲ್ಲ, ಅಂಥದೊಂದು ಸಿಕ್ಕರೆ ಸಾಕು ಎಂದುಕೊಂಡ. ಲೈಸೆನ್ಸನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ಗೋದಾಮುಗಳ ಬಾಗಿಲಿಗೆ ಅಲೆದ. ಒಬ್ಬರು ವಯಸ್ಸು ಕೇಳಿ ತಲೆ ಅಲ್ಲಾಡಿಸಿದರು. ಇನ್ನೊಬ್ಬರು, ಹೆದ್ದಾರಿಯಲ್ಲಿ ಓಡಿಸಿದವರಿಗೆ ನಮ್ಮ ಓಣಿಗಳು ಒಗ್ಗುವುದಿಲ್ಲ ಎಂದರು. ಮತ್ತೊಂದು ಕಡೆ ಮೊಬೈಲಿನಲ್ಲಿ ದಾರಿ ನೋಡಲು ಬರುತ್ತದೆಯೇ ಎಂದು ಕೇಳಿದರು. ಬರುತ್ತದೆ ಎಂದು ತೋರಿಸಲು ಹೋದಾಗ ಅವನ ಬೆರಳು ತಪ್ಪಿ ತಾಗಿ ಬೇರೆ ಯಾವುದೋ ಊರು ತೆರೆದುಕೊಂಡಿತು. ಪ್ರತಿದಿನ ಅವನು ಮನೆಗೆ ಬಂದಾಗ ರೇಣವ್ವ ಏನಾಯಿತೆಂದು ಕೇಳುತ್ತಿರಲಿಲ್ಲ. ಅವಳು ಕೇಳದಿರುವುದೇ ಅವನನ್ನು ಹೆಚ್ಚು ಹೆದರಿಸಿತು.

ಕೊನೆಗೆ ಗೋದಾಮಿನ ಸಾಹುಕಾರನೊಬ್ಬ ಅವನನ್ನು ಟ್ರಯಲ್‌ಗೆ ಕರೆದ. ಹಿಟ್ಟಿನ ಮೂಟೆ, ಎಣ್ಣೆಯ ಡಬ್ಬಗಳನ್ನು ತುಂಬಿದ ಲಾರಿ ಕೊಟ್ಟು, ತಾನೂ ಅವನ ಪಕ್ಕದಲ್ಲಿ ಕುಳಿತ. ಮಧ್ಯಾಹ್ನದೊಳಗೆ ಎಂಟು ಅಂಗಡಿಗೆ ಸರಕು ಇಳಿಸಬೇಕು, ನಾನು ಏನೂ ಹೇಳುವುದಿಲ್ಲ, ನೋಡುತ್ತೇನೆ ಎಂದ.

ದ್ಯಾಮಣ್ಣನ ಅಂಗೈ ಬೆವರಿ ಸ್ಟೇರಿಂಗ್ ಜಾರುತ್ತಿತ್ತು. ಸಾಹುಕಾರ ಒಮ್ಮೆ ಕೈಗಡಿಯಾರ ನೋಡಿದ. ಅಷ್ಟಕ್ಕೇ ದ್ಯಾಮಣ್ಣ ಗಾಡಿಯ ವೇಗ ಹೆಚ್ಚಿಸಿದ. ಮೊದಲನೆಯ ಅಂಗಡಿ ಇಕ್ಕಟ್ಟಾದ ಓಣಿಯ ಒಳಗಿತ್ತು. ಲಾರಿಯನ್ನು ಹಿಂದಕ್ಕೆ ನಡೆಸಿಕೊಂಡೇ ಹೋಗಬೇಕು. ಇಳಿದು ಒಮ್ಮೆ ನೋಡಿ ಬರಬೇಕು ಎಂದು ಅವನಿಗೆ ಅನ್ನಿಸಿತು. ಇಳಿದರೆ, ಇವನಿಗೆ ಓಣಿ ಒಗ್ಗುವುದಿಲ್ಲ ಎಂದುಕೊಳ್ಳುತ್ತಾರೆ ಎಂದೂ ಅನ್ನಿಸಿತು. ಅವನು ಇಳಿಯಲಿಲ್ಲ. ಒಂದೇ ಬೀಸಿಗೆ ಲಾರಿಯನ್ನು ಹಿಂದಕ್ಕೆ ಬಿಟ್ಟ.

ಅಂಗಡಿ ಇನ್ನು ಹತ್ತು ಹೆಜ್ಜೆ ಇದೆ ಎನ್ನುವಾಗ ಹಿಂದೆ ಏನೋ ಮುರಿದ ಸದ್ದಾಯಿತು.

ದ್ಯಾಮಣ್ಣ ಇಳಿದು ಓಡಿದ. ಒಂದು ಮನೆಯ ಮುಂದೆ ಹಾಕಿದ್ದ ಹಗ್ಗದ ಮಂಚದ, ಆ ಹೊರಸಿನ, ಕಾಲು ಮುರಿದಿತ್ತು. ಹೊರಸು ವಾಲಿ, ಅದರ ಮೇಲೆ ಹಾಸಿದ್ದ ಚಿಕ್ಕ ಕೌದಿ ನೆಲಕ್ಕೆ ಬಿದ್ದಿತ್ತು. ಬಾಗಿಲಲ್ಲಿ ಒಬ್ಬ ಮುದುಕಿ ಹಸುಗೂಸನ್ನು ಎದೆಗೊತ್ತಿಕೊಂಡು ನಿಂತಿದ್ದಳು. ಅವಳು ಬೈಯಲಿಲ್ಲ.

“ಈಗಷ್ಟೇ ಎತ್ತಿಕೊಂಡೆನಪ್ಪ,” ಎಂದಳು.

ದ್ಯಾಮಣ್ಣ ಕೌದಿಯನ್ನು ಎತ್ತಿದ. ಅದು ಇನ್ನೂ ಬೆಚ್ಚಗಿತ್ತು. ಅವನು ಅದನ್ನು ಕೊಡವಿ, ಮಡಚಿ, ಅವಳ ಕೈಗೆ ಕೊಟ್ಟ. ಹೊರಸನ್ನು ತಾನೇ ಸರಿಮಾಡಿ ಕೊಡುತ್ತೇನೆ ಎಂದು ಹೇಗೋ ಹೇಳಿ ಬಂದ.

ಸಾಹುಕಾರ ಕ್ಯಾಬಿನ್ನಿನಿಂದ ಇಳಿದಿರಲಿಲ್ಲ. ಏನಾಯಿತೆಂದು ಕೇಳಿದ. ಹೊರಸು ಮುರಿಯಿತು ಎಂದ ದ್ಯಾಮಣ್ಣ. ಹೊರಸು ಹೋದರೆ ಹೋಗಲಿ, ಇಂಥ ಓಣಿಯಲ್ಲಿ ಇಷ್ಟು ಬೇಗ ಯಾರೂ ಗಾಡಿ ಹಾಕಿದ್ದನ್ನು ಕಾಣೆ ಎಂದು ಸಾಹುಕಾರ ಮೆಚ್ಚಿದ. ಉಳಿದ ಅಂಗಡಿಗಳನ್ನೂ ಹೀಗೇ ಮುಗಿಸು, ನಾಳೆಯಿಂದ ಕೆಲಸಕ್ಕೆ ಬಾ ಎಂದ.

ಎರಡು ತಿಂಗಳಿಂದ ಕೇಳಬೇಕೆಂದಿದ್ದ ಮಾತು ಅದು. ದ್ಯಾಮಣ್ಣ ಆಗಲಿ ಎಂದು ತಲೆಯಾಡಿಸಿದ. ಮೂಟೆ ಇಳಿಸುವಾಗಲೂ, ಮುಂದಿನ ಬೀದಿಗೆ ಹೋಗುವಾಗಲೂ ಸಂಜೆ ರೇಣವ್ವನಿಗೆ ಹೇಳಬೇಕಾದ ಸುದ್ದಿಯನ್ನೇ ನೆನೆಯಲು ಯತ್ನಿಸಿದ. ನೆನಪಿಗೆ ಬರುತ್ತಿದ್ದುದು ಮಾತ್ರ ಮುದುಕಿಯ ಮಾತು.

ಎರಡನೆಯ ಅಂಗಡಿಯ ಓಣಿ ಬಂತು. ದ್ಯಾಮಣ್ಣ ಲಾರಿ ನಿಲ್ಲಿಸಿ, ಕೀಲಿ ತಿರುಗಿಸಿ, ಎಂಜಿನ್ ಆರಿಸಿದ.

“ಸಾಹುಕಾರರೇ, ಆ ಹೊರಸಿನ ಮೇಲೆ ಕೂಸು ಮಲಗಿತ್ತು. ಗಾಡಿ ತಾಗುವ ಒಂದು ಕ್ಷಣ ಮೊದಲು ಅಜ್ಜಿ ಎತ್ತಿಕೊಂಡಳು. ಹಿಂದೆ ಹೋಗುವಾಗ ನಾನು ಕನ್ನಡಿ ನೋಡಲಿಲ್ಲ, ನಿಮ್ಮ ಮುಖ ನೋಡುತ್ತಿದ್ದೆ.”

ಸಾಹುಕಾರ ಅವನತ್ತ ತಿರುಗಿದ. ದ್ಯಾಮಣ್ಣ ಮುಂದುವರಿಸಿ, ಇನ್ನು ಮೇಲೆ ಪ್ರತಿ ಓಣಿಯಲ್ಲೂ ಇಳಿದು ನೋಡಿಯೇ ಗಾಡಿ ಹಿಂದಕ್ಕೆ ತೆಗೆಯುತ್ತೇನೆ, ತಡವಾಗುತ್ತದೆ ಎಂದ. ದ್ಯಾಮಣ್ಣ ಇಳಿದ. ಲಾರಿಯ ಹಿಂದಕ್ಕೆ ನಡೆದು ನೋಡಿದ. ಅಲ್ಲಿ ಏನೂ ಇರಲಿಲ್ಲ. ಮೂರನೆಯ ಓಣಿಯಲ್ಲಿ ಇಳಿದ. ಅಲ್ಲಿಯೂ ಏನೂ ಇರಲಿಲ್ಲ. ನಾಲ್ಕನೆಯದರಲ್ಲಿ ಒಂದು ನಾಯಿ ಮಲಗಿತ್ತು, ಅವನನ್ನು ಕಂಡು ತಾನೇ ಎದ್ದು ಹೋಯಿತು. ಸಾಹುಕಾರ ಮತ್ತೆ ಮತ್ತೆ ಗಡಿಯಾರ ನೋಡಿದ. ಮಧ್ಯಾಹ್ನವಾದಾಗ ಎರಡು ಅಂಗಡಿಗಳ ಸರಕು ಲಾರಿಯಲ್ಲೇ ಉಳಿದಿತ್ತು.

ನಾಳೆ ಬಾ ಎಂದು ಸಾಹುಕಾರ ಮತ್ತೆ ಹೇಳಲಿಲ್ಲ. ತಿಳಿಸುತ್ತೇನೆ ಎಂದಷ್ಟೇ ಹೇಳಿ ಕಳಿಸಿದ.

ದ್ಯಾಮಣ್ಣ ಏಳು ದಿನ ಕಾದ. ಸ್ನಾನಕ್ಕೆ ಹೋದರೂ ಫೋನನ್ನು ರೇಣವ್ವನ ಎಡಗೈಗೆ ಕೊಟ್ಟು ಹೋಗುತ್ತಿದ್ದ. ನಡುವೆ ಒಂದು ದಿನ ಮುದುಕಿಯ ಮನೆಗೆ ಹೋಗಿ ಹೊರಸಿಗೆ ಹೊಸ ಕಾಲು ಕೂಡಿಸಿ ಬಂದ. ಎಂಟನೆಯ ದಿನ ತಡೆಯಲಾರದೆ ತಾನೇ ಗೋದಾಮಿಗೆ ಹೋದ. ಬೇರೊಬ್ಬನನ್ನು ತೆಗೆದುಕೊಂಡಿದ್ದೇನೆ ಎಂದ ಸಾಹುಕಾರ. ದ್ಯಾಮಣ್ಣ ಕೈಮುಗಿದು ಹೊರಟ.

ಬಾಗಿಲು ದಾಟುವಾಗ ಸಾಹುಕಾರ ಅವನನ್ನು ಕರೆದ. ಪೇಟೆಯ ಆಚೆ ತನ್ನ ಭಾವಮೈದುನನ ಔಷಧಿ ಗೋದಾಮಿದೆ, ಆಸ್ಪತ್ರೆಗಳಿಗೆ ಗಾಜಿನ ಬಾಟಲಿ ಮುಟ್ಟಿಸುವ ಗಾಡಿಗೆ ಚಾಲಕ ಬೇಕಾಗಿದ್ದಾನೆ, ಸಂಬಳ ತನ್ನಲ್ಲಿಗಿಂತ ಕಡಿಮೆ ಎಂದ. ಆಮೇಲೆ ಅವನ ಎದುರಿಗೇ ಭಾವಮೈದುನನಿಗೆ ಫೋನು ಮಾಡಿದ.

“ಒಬ್ಬನನ್ನು ಕಳಿಸುತ್ತಿದ್ದೇನೆ. ತಡ ಮಾಡುತ್ತಾನೆ. ಯಾಕೆ ತಡ ಮಾಡುತ್ತಾನೆ ಅನ್ನುವುದು ನನಗೆ ಗೊತ್ತು. ನಿನಗೆ ತಾಳ್ಮೆ ಇದ್ದರೆ ಇಟ್ಟುಕೋ.”

ಔಷಧಿ ಗೋದಾಮಿನವನು ದ್ಯಾಮಣ್ಣನನ್ನು ಇಟ್ಟುಕೊಂಡ. ಸಂಜೆ ಆರಕ್ಕೆ ಅವನು ಮನೆಯಲ್ಲಿರುತ್ತಾನೆ, ರೇಣವ್ವನ ತೋಳು ಹಿಡಿದು ಅಂಗಳದಲ್ಲಿ ನಡೆಸುತ್ತಾನೆ. ಇಂದಿಗೂ ಲಾರಿಯನ್ನು ಹಿಂದಕ್ಕೆ ತೆಗೆಯುವಾಗ ಅವನ ಕೈ ನಡುಗುತ್ತದೆ. ಇಂದಿಗೂ ಇಳಿದು ನೋಡುತ್ತಾನೆ.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು. ಮರುಳಯ್ಯ ಕೇಳಿದ: “ಹಾಗಾದರೆ ಅವನ ಭಯ ಕೊನೆಗೂ ಹೋಗಲಿಲ್ಲವೇ, ಗುರುಗಳೇ?”

“ಅವನ ಭಯ ಸಾಹುಕಾರನ ಪಕ್ಕದಿಂದ ಇಳಿದು, ಗಾಡಿಯ ಹಿಂದೆ ಹೋಗಿ ನಿಂತಿತು. ನಿನ್ನದು ಎಲ್ಲಿ ನಿಂತಿದೆ?” ಎಂದರು ಗುರುಗಳು.

ಮರುಳಯ್ಯ ಎದ್ದು, ಮಕ್ಕಳಿದ್ದ ಪಾಠಶಾಲೆಯ ಕಡೆ ನಡೆದ.